ಮ್ಯಾಕ್ರೊ ಚಿತ್ರ ಮಂಕಾದಾಗ: ದೋಷ ಲೆನ್ಸಿನಲ್ಲಿದೆಯೋ, ಬಣ್ಣಗಳಲ್ಲಿದೆಯೋ?

2024ರ ಸೆಪ್ಟೆಂಬರಿನಲ್ಲಿ ಮುಂಬೈಯ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಇಳಿಜಾರುಗಳಲ್ಲಿ ಕಾರ್ವಿ ಅರಳಿತ್ತು. ನಮ್ಮ ಚಿಕ್ಕಮಗಳೂರಿನ ಗಿರಿಗಳಲ್ಲಿ ಅರಳುವ ಕುರಿಂಜಿಯ ಕುಲಕ್ಕೇ ಸೇರಿದ ಈ ಪೊದೆ ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ಹೂ ಬಿಟ್ಟು, ಬೀಜ ಕಟ್ಟಿ, ಒಣಗಿಹೋಗುತ್ತದೆ. 2016ರ ಬಳಿಕ ಅರಳಿದ್ದು 2024ರಲ್ಲಿ. ಇನ್ನು ಮುಂದಿನ ಸರದಿ 2032. ಆದ್ದರಿಂದ ಅಂದು ತೆಗೆದ ಚಿತ್ರ ಕೆಟ್ಟರೆ ಮುಂದಿನ ವರ್ಷ ನೋಡೋಣ ಎನ್ನುವಂತಿಲ್ಲ.

ಡೊಂಬಿವಲಿಯಲ್ಲಿ ನೆಲೆಸಿರುವ ಕುಂದಾಪುರದ ಕಡೆಯ ಕಿರಿಯ ಮಿತ್ರನೊಬ್ಬ ಅಂದು ನೂರು ಮಿಲಿಮೀಟರಿನ ಮ್ಯಾಕ್ರೊ ಲೆನ್ಸಿನಲ್ಲಿ, ಅಂದರೆ ಪುಟ್ಟ ವಸ್ತುಗಳನ್ನು ತೀರ ಹತ್ತಿರದಿಂದ ಹಿಡಿಯುವ ಲೆನ್ಸಿನಲ್ಲಿ, ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದಿದ್ದ. ಮನೆಗೆ ಬಂದು ನೋಡಿದರೆ ಎಲ್ಲವೂ ಮಂಕು. ದುರಸ್ತಿ ಅಂಗಡಿಯವರು ಲೆನ್ಸನ್ನು ಬಿಚ್ಚಿ ಒಳಗಿನ ಗಾಜುಗಳನ್ನು ಮರುಜೋಡಿಸಬೇಕು ಎಂದರಂತೆ. "ಅಣ್ಣಾ, ಕೊಡುವ ಮೊದಲು ನೀವೊಮ್ಮೆ ನೋಡಿ" ಎಂದು ಅವನು ಕಡತಗಳನ್ನೆಲ್ಲ ನನಗೆ ಕಳುಹಿಸಿದ. ಎರಡು ಸಂಜೆ ಕೂತು ನೋಡಿದಾಗ ಲೆನ್ಸಿನಲ್ಲಿ ಯಾವ ದೋಷವೂ ಕಾಣಲಿಲ್ಲ. ಬೇರೆ ಬೇರೆ ಮೂಲದ ಮೂರು ದೋಷಗಳು ಒಂದರ ಮೇಲೊಂದು ಕೂತಿದ್ದವು, ಮತ್ತು ಅವುಗಳಲ್ಲಿ ದೊಡ್ಡದು ಬಣ್ಣಕ್ಕೆ ಸಂಬಂಧಿಸಿತ್ತು. ಆ ಪರೀಕ್ಷೆಯನ್ನು ನಡೆಸಿದ ಕ್ರಮವನ್ನೇ, ಇತರರಿಗೂ ಉಪಯೋಗಕ್ಕೆ ಬರುವಂತೆ ಸ್ವಲ್ಪ ವಿಸ್ತರಿಸಿ, ಇಲ್ಲಿ ಬರೆದಿದ್ದೇನೆ.

ಮಂಕು ಯಾವ ಬಗೆಯದು?

ನಾವು "ಮಂಕು" ಎಂಬ ಒಂದೇ ಮಾತಿನಲ್ಲಿ ಹೇಳುವುದು ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳನ್ನು. ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರು ಪ್ರತಿಶತ ಗಾತ್ರಕ್ಕೆ ಹಿಗ್ಗಿಸಿ, ಎಲ್ಲಾದರೂ ಒಂದು ಕಡೆ, ಅದು ಎಲೆಯ ರೋಮವಾಗಲಿ, ಕೇಸರದ ತುದಿಯಾಗಲಿ, ಗೆರೆ ಕೊರೆದಂತೆ ಚೂಪಾಗಿದೆಯೇ ಎಂದು ಮೊದಲು ಹುಡುಕಬೇಕು. ಎಲ್ಲಿಯೂ ಇಲ್ಲದಿದ್ದರೆ, ಇಲ್ಲವೇ ಬೇಡದ ಜಾಗದಲ್ಲಿ ಮಾತ್ರ ಇದ್ದರೆ, ತೊಂದರೆ ಅಲುಗಾಟದ್ದು, ಫೋಕಸಿನದ್ದು ಅಥವಾ ಅಪರ್ಚರಿನದ್ದು (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರದ್ದು). ಅಂಚುಗಳು ಇವೆ, ಆದರೆ ಕಪ್ಪಾಗಿರಬೇಕಾದ ನೆರಳು ಬೂದಿ ಬಣ್ಣಕ್ಕೆ ತಿರುಗಿದೆ, ಹಿಸ್ಟೋಗ್ರಾಮಿನ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆಯ) ಎಡತುದಿ ಖಾಲಿಯಾಗಿದೆ ಎಂದಾದರೆ ಗಾಜಿನ ಮೇಲೆ ಅಥವಾ ಒಳಗೆ ಪರದೆಯಂಥದ್ದೇನೋ ಇದೆ. ಅಂಚೂ ಚೂಪಾಗಿ, ಕಪ್ಪೂ ಕಪ್ಪಾಗಿ ಇದ್ದು, ಚಿತ್ರವನ್ನು ಅಂಗೈಯಗಲಕ್ಕೆ ಕುಗ್ಗಿಸಿದ ಕೂಡಲೇ ಹೂವು ಹಿನ್ನೆಲೆಯೊಳಗೆ ಮುಳುಗಿಹೋದರೆ ಅದು ಬಣ್ಣಗಳ ಕಾಂಟ್ರಾಸ್ಟಿನ, ಅಂದರೆ ಪರಸ್ಪರ ವ್ಯತ್ಯಾಸದ, ದೋಷ. ಕಂಪ್ಯೂಟರಿನಲ್ಲಿ ಸರಿಯಾಗಿದ್ದು ಫೋನಿಗೆ ಹೋದಾಗ ಮಾತ್ರ ಸಪ್ಪೆಯಾದರೆ ಕಡತದ ವರ್ಣವ್ಯಾಪ್ತಿಯನ್ನು, ಅಂದರೆ ಬಣ್ಣಗಳನ್ನು ಬರೆದಿಡಲು ಬಳಸಿದ ಪದ್ಧತಿಯನ್ನು, ನೋಡಬೇಕು. ಅಡೋಬ್ ಆರ್‌ಜಿಬಿಯಲ್ಲಿ ಉಳಿಸಿದ ಜೆಪೆಗ್ ಕಡತವನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಕಳುಹಿಸಿದರೆ ಸಾಮಾನ್ಯವಾಗಿ ಈ ದೋಷ ಅಲ್ಲಿಗೇ ಮುಗಿಯುತ್ತದೆ.

ಯಾವ ಬಗೆಯ ಮಂಕು ಎಂದು ನಿಶ್ಚಯವಾಗುವವರೆಗೆ ಏನನ್ನೂ ಬದಲಿಸಬಾರದು, ಬದಲಿಸುವಾಗಲೂ ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಅಪರ್ಚರ್, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ), ನಿಂತ ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಚಿತ್ರ ಸುಧಾರಿಸಿದರೂ ಅದು ಯಾವುದರಿಂದ ಎಂಬುದು ತಿಳಿಯುವುದಿಲ್ಲ.

ಎಸಿ ಲೋಕಲ್ಲಿನಿಂದ ಇಳಿದ ಲೆನ್ಸು

ಮಿತ್ರನ ಕಡತಗಳನ್ನು ತೆಗೆದ ಸಮಯದ ಪ್ರಕಾರ ಜೋಡಿಸಿದಾಗ ಮೊದಲ ದೋಷ ತಾನಾಗಿಯೇ ಹೊರಬಿತ್ತು. ಮೊದಲ ಅರ್ಧ ಗಂಟೆಯ ಚಿತ್ರಗಳಲ್ಲಿ ಕಪ್ಪು ಎಂಬುದೇ ಇರಲಿಲ್ಲ. ಬರಬರುತ್ತಾ ಪರದೆ ತೆಳುವಾಗಿ, ಕೊನೆಗೆ ಪೂರ್ತಿ ಸರಿದಿತ್ತು. ಗಾಜಿನ ಜೋಡಣೆ ತಪ್ಪಿದ್ದರೆ ಹೊತ್ತು ಕಳೆದಂತೆ ಸರಿಹೋಗುವುದಿಲ್ಲ. ಅವನು ದಾದರಿನಲ್ಲಿ ಗಾಡಿ ಬದಲಿಸಿ ಎಸಿ ಲೋಕಲ್ಲಿನಲ್ಲಿ ಬೊರಿವಲಿಗೆ ಬಂದು, ನೇರವಾಗಿ ಕಾಡಿಗೆ ಹೋಗಿ, ಕ್ಯಾಮೆರಾ ಚೀಲವನ್ನು ತೆರೆದಿದ್ದ. ಮಳೆಗಾಲದ ಮುಂಬೈಯಲ್ಲಿ ಗಾಳಿಯ ಇಬ್ಬನಿ ಬಿಂದು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ತಣ್ಣಗಿರುವ ಯಾವ ಗಾಜು ಆ ಗಾಳಿಗೆ ತೆರೆದುಕೊಂಡರೂ ಅದರ ಮೇಲೆ ತೇವ ಕೂರುತ್ತದೆ. ಮುಂದಿನ ಗಾಜನ್ನು ಅವನು ಒರೆಸುತ್ತಲೇ ಇದ್ದ, ಆದರೆ ಕ್ಯಾಮೆರಾದ ಕಡೆಗಿರುವ ಹಿಂದಿನ ಗಾಜು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದನ್ನು ಯಾರೂ ನೆನೆಯುವುದಿಲ್ಲ.

ಪರಿಹಾರಕ್ಕೆ ಖರ್ಚೇನಿಲ್ಲ. ತಣ್ಣನೆಯ ಜಾಗದಿಂದ ಹೊರಡುವ ಮೊದಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಹೊರಗೆ ಬಂದ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ಹಾಗೆಯೇ ಬಿಡಬೇಕು. ತೇವ ಆಗ ಚೀಲದ ಹೊರಮೈಯಲ್ಲಿ ಕೂರುತ್ತದೆ, ಗಾಜಿನ ಮೇಲಲ್ಲ. ಆ ಹೊತ್ತಿನಲ್ಲಿ ಲೆನ್ಸ್ ಬದಲಾಯಿಸುವ ಕೆಲಸಕ್ಕೆ ಮಾತ್ರ ಖಂಡಿತ ಹೋಗಬಾರದು.

ಹೊತ್ತು ಕಳೆದರೂ ಪರದೆ ಹೋಗದಿದ್ದರೆ ಲೆನ್ಸನ್ನು ಕಳಚಿ, ಅಪರ್ಚರನ್ನು ಪೂರ್ತಿ ತೆರೆದು, ಕತ್ತಲೆ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಜೇಡರಬಲೆಯ ಎಳೆಗಳಂತೆ ಕವಲೊಡೆದ ಗುರುತು ಕಂಡರೆ ಅದು ಬೂಷ್ಟು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಅದು ಹಿಡಿಯುವುದು ತೀರ ಸಾಮಾನ್ಯ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ, ತೇವಾಂಶ ನಲವತ್ತರಿಂದ ಐವತ್ತು ಪ್ರತಿಶತದೊಳಗೆ ನಿಲ್ಲುವಂತೆ ಇಟ್ಟರೆ ತಪ್ಪಿಸಬಹುದು.

ಎಲ್ಲಿಯೂ ಚೂಪಿಲ್ಲದಾಗ

ಎರಡನೆಯ ದೋಷ ಎಫ್/22 ಎಂಬ ಅಪರ್ಚರ್ ಸಂಖ್ಯೆ; ಈ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು. ಹೂವಿನ ಎಲ್ಲ ಭಾಗವೂ ಸ್ಪಷ್ಟವಾಗಲಿ ಎಂಬ ಆಸೆಯಿಂದ ಅವನು ಅಪರ್ಚರನ್ನು ಕೊನೆಯವರೆಗೆ ಮುಚ್ಚಿದ್ದ. ಆಸೆಯಲ್ಲಿ ತಪ್ಪಿಲ್ಲ, ಏಕೆಂದರೆ 1:1 ಹಿಗ್ಗುವಿಕೆಯಲ್ಲಿ, ಅಂದರೆ ವಸ್ತು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಾಗ, ಎಪಿಎಸ್-ಸಿ (ಸುಮಾರು 24 ಮಿಲಿಮೀಟರ್ ಅಗಲದ) ಸೆನ್ಸರಿನ ಕ್ಯಾಮೆರಾದಲ್ಲಿ ಎಫ್/8ಕ್ಕೆ ಸಿಗುವ ಸ್ಪಷ್ಟತೆಯ ಆಳ (ಮುಂದಿನಿಂದ ಹಿಂದಕ್ಕೆ ಚೂಪಾಗಿ ಕಾಣುವ ಭಾಗ) ಒಟ್ಟು 0.64 ಮಿಲಿಮೀಟರ್ ಮಾತ್ರ. ಆದರೆ 1:1ರಲ್ಲಿ ಲೆನ್ಸಿನ ಪರಿಣಾಮಕಾರಿ ಅಪರ್ಚರ್ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಎಫ್/22 ಎಂಬುದು ಎಫ್/44ರಂತೆ ವರ್ತಿಸುತ್ತದೆ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕಿನ ವಿವರ್ತನೆಯಿಂದ, ಅಂದರೆ ಕಿರಿದಾದ ಕಂಡಿ ಹಾಯುವಾಗ ಹರಡುವ ಗುಣದಿಂದ, ಒಂದು ಬಿಂದು ಸೆನ್ಸರಿನ ಮೇಲೆ ಸುಮಾರು 59 ಮೈಕ್ರಾನ್ ಅಗಲದ ಬೊಟ್ಟಾಗಿ ಹರಡುತ್ತದೆ. 24 ಮೆಗಾಪಿಕ್ಸೆಲ್ಲಿನ ಎಪಿಎಸ್-ಸಿ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 3.9 ಮೈಕ್ರಾನ್ ಇರುವುದರಿಂದ ಆ ಬೊಟ್ಟು ಹದಿನೈದು ಪಿಕ್ಸೆಲ್‌ಗಳನ್ನು ನುಂಗುತ್ತದೆ. ನನ್ನ ಅನುಭವದಲ್ಲಿ 1:1ರಲ್ಲಿ ಎಫ್/11ಕ್ಕಿಂತ ಮುಂದೆ ಹೋಗಬಾರದು. ಕೆಲವು ಕ್ಯಾಮೆರಾಗಳು ತೆರೆಯ ಮೇಲೆ ಪರಿಣಾಮಕಾರಿ ಸಂಖ್ಯೆಯನ್ನೇ ತೋರಿಸುತ್ತವೆ, ಕೆಲವು ಲೆನ್ಸಿನ ಮೂಲ ಸಂಖ್ಯೆಯನ್ನು ತೋರಿಸುತ್ತವೆ ಎಂಬುದನ್ನು ನೆನಪಿಟ್ಟುಕೊಂಡು ಈ ಮಾತನ್ನು ಅನ್ವಯಿಸಬೇಕು.

ಅಪರ್ಚರಿನ ಮಂಕಿಗೂ ಅಲುಗಾಟದ ಮಂಕಿಗೂ ವ್ಯತ್ಯಾಸ ಸುಲಭವಾಗಿ ಕಾಣುತ್ತದೆ. ಅಲುಗಾಟಕ್ಕೆ ದಿಕ್ಕಿರುತ್ತದೆ, ನೀರಹನಿಯ ಮೇಲಿನ ಹೊಳಪು ಬಿಂದುವಾಗಿರದೆ ಗೆರೆಯಾಗಿ ಎಳೆದಿರುತ್ತದೆ. ಗೆರೆ ಹೂವಿನಲ್ಲೂ ಕಾಂಡದಲ್ಲೂ ಒಂದೇ ದಿಕ್ಕಿಗಿದ್ದರೆ ಕೈ ನಡುಗಿದೆ. ಹೂವಿನಲ್ಲಿ ಮಾತ್ರ ಇದ್ದರೆ ಗಾಳಿ ಬೀಸಿದೆ. ಹೂವು ಸೆಕೆಂಡಿಗೆ ಎರಡು ಸೆಂಟಿಮೀಟರ್ ವೇಗದಲ್ಲಿ ಮೆಲ್ಲನೆ ತೂಗಿದರೂ 1/200 ಸೆಕೆಂಡಿನ ಶಟರಿನಲ್ಲಿ ಅದು 0.1 ಮಿಲಿಮೀಟರ್ ಸರಿಯುತ್ತದೆ, 1:1ರಲ್ಲಿ ಅದು ಸುಮಾರು 25 ಪಿಕ್ಸೆಲ್ಲಿನಷ್ಟಾಗುತ್ತದೆ. ಬೇಕಾದ ಜಾಗ ಮಂಕಾಗಿ, ಅದರ ಮುಂದೆಯೋ ಹಿಂದೆಯೋ ಒಂದು ತೆಳು ಪಟ್ಟಿ ಮಾತ್ರ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಆಟೋಫೋಕಸನ್ನು ಬಿಟ್ಟು, ಹಿಗ್ಗುವಿಕೆಯನ್ನು ಮೊದಲೇ ನಿಗದಿಮಾಡಿಕೊಂಡು, ಮೈಯನ್ನು ಹಿಂದೆಮುಂದೆ ತೂಗಿ ಚಿತ್ರ ತೆಗೆಯುವುದು ಸರಿಯಾದ ಅಭ್ಯಾಸ. ಲೆನ್ಸ್ ಹತ್ತಿರದ ವಸ್ತುವಿಗೆ ಫೋಕಸೇ ಮಾಡುವುದಿಲ್ಲ ಎಂದು ಗಾಬರಿಗೊಳ್ಳುವವರು ಅದರ ಪಕ್ಕದಲ್ಲಿರುವ, ಫೋಕಸಿನ ದೂರವನ್ನು ಮಿತಿಗೊಳಿಸುವ ಫೋಕಸ್ ಲಿಮಿಟರ್ ಗುಂಡಿಯನ್ನು ಮೊದಲು ನೋಡಬೇಕು.

ಅಂಚು ಚೂಪಾಗಿದ್ದೂ ಹೂವು ಮುಳುಗಿದಾಗ

ತೇವ ಆರಿದ ಬಳಿಕ, ಎಫ್/8ರಲ್ಲಿ, ಗಾಳಿ ನಿಂತ ಕ್ಷಣದಲ್ಲಿ ತೆಗೆದ ಕೆಲವು ಚಿತ್ರಗಳೂ ಅವನ ಕಡತದಲ್ಲಿದ್ದವು. ಅಂಚು, ಕಪ್ಪು ಎರಡೂ ಸರಿಯಾಗಿದ್ದವು. ಆದರೂ ನೇರಳೆ ಹೂವು ಹಸಿರು ಎಲೆಗಳ ನಡುವೆ ಕಣ್ಣಿಗೆ ಸಿಗುತ್ತಿರಲಿಲ್ಲ. ದುರಸ್ತಿ ಅಂಗಡಿಗೆ ಹೋಗುವ ಲೆನ್ಸುಗಳಲ್ಲಿ ಬಹುಪಾಲು ಈ ಕಾರಣಕ್ಕಾಗಿಯೇ ಹೋಗುತ್ತವೆ ಎಂಬುದು ನನ್ನ ನಂಬಿಕೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಪರೀಕ್ಷೆ ಒಂದೇ ಹೆಜ್ಜೆಯದು: ಚಿತ್ರದ ಒಂದು ಪ್ರತಿಯನ್ನು ಕಪ್ಪುಬಿಳುಪಿಗೆ ತಿರುಗಿಸಬೇಕು. ಕಾರ್ವಿಯ ಚಿತ್ರವನ್ನು ಹಾಗೆ ತಿರುಗಿಸಿದ ಕೂಡಲೇ ಹೂವೂ ಎಲೆಯೂ ಒಂದೇ ಬೂದಿ ಬಣ್ಣವಾಗಿ ಕಲೆತುಹೋದವು. ಬಣ್ಣದ ವ್ಯತ್ಯಾಸ ಎಂದು ನಾವು ಕರೆಯುವುದರಲ್ಲಿ ಎರಡು ಸಂಗತಿಗಳಿವೆ: ಒಂದು ವರ್ಣದ ವ್ಯತ್ಯಾಸ, ಇನ್ನೊಂದು ಪ್ರಕಾಶದ ವ್ಯತ್ಯಾಸ. ಆಕಾರವನ್ನು, ಅಂಚನ್ನು, ಸೂಕ್ಷ್ಮ ವಿವರವನ್ನು ಕಣ್ಣು ಹೆಚ್ಚಾಗಿ ಗ್ರಹಿಸುವುದು ಪ್ರಕಾಶದ ವ್ಯತ್ಯಾಸದಿಂದ. ತೆರೆಯ ಮೇಲಿನ ಶುದ್ಧ ಹಳದಿಗೆ ಬಿಳಿಯ ಪ್ರಕಾಶದ ಸುಮಾರು 93 ಪ್ರತಿಶತ ಇರುತ್ತದೆ, ಹಸಿರಿಗೆ 72, ಕೆಂಪಿಗೆ 21, ನೀಲಿಗೆ ಕೇವಲ 7. ಹಾಗಾಗಿ ಹಳದಿಯ ಮೇಲೆ ಗಾಢ ನೇರಳೆ ಇಟ್ಟರೆ ವರ್ಣವೂ ಪ್ರಕಾಶವೂ ಎರಡೂ ಬೇರೆಯಾಗುತ್ತವೆ. ತಿಳಿ ನೇರಳೆಯ ಕಾರ್ವಿಯನ್ನು ಮೋಡದ ಬೆಳಕಿನ ನಡುಹಸಿರಿನ ಮೇಲೆ ಇಟ್ಟರೆ ವರ್ಣ ಮಾತ್ರ ಬೇರೆಯಾಗಿ, ಪ್ರಕಾಶ ಸಮವಾಗಿಬಿಡುತ್ತದೆ. ಸ್ಯಾಚುರೇಷನ್ನನ್ನು, ಅಂದರೆ ಬಣ್ಣದ ಕಡುಪನ್ನು, ಎಷ್ಟು ಏರಿಸಿದರೂ ಈ ಸಮತೆ ಮುರಿಯುವುದಿಲ್ಲ. ಹೂವು ಗಾಢವಾಗುತ್ತದೆ, ಎಲೆಯೂ ಗಾಢವಾಗುತ್ತದೆ, ಮುಳುಗಿದ್ದು ಮುಳುಗಿಯೇ ಇರುತ್ತದೆ. ಹಸಿರಿನ ಪ್ರಕಾಶವನ್ನು ಮಾತ್ರ ಇಳಿಸುವ ಸೌಲಭ್ಯ ತಂತ್ರಾಂಶದಲ್ಲಿರುವುದು ನಿಜ, ಸ್ವಲ್ಪ ಮಟ್ಟಿಗೆ ಅದು ನೆರವಾಗುತ್ತದೆ, ಆದರೆ ಅತಿಯಾದರೆ ದಳದ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ.

ಸರಿಪಡಿಸಬೇಕಾದದ್ದು ನಿಂತ ಜಾಗದಲ್ಲಿ, ಮತ್ತು ಮ್ಯಾಕ್ರೊ ಲೆನ್ಸಿನ ನಿಜವಾದ ಸಹಾಯ ಸಿಗುವುದು ಇಲ್ಲಿಯೇ. ಹೂವು ಲೆನ್ಸಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದು, ಹಿನ್ನೆಲೆ ಹೂವಿನಿಂದ ಮೂರು ಮೀಟರ್ ಹಿಂದಿದೆ ಎಂದಿಟ್ಟುಕೊಳ್ಳೋಣ. ಹೂವನ್ನು ಚೌಕಟ್ಟಿನ ನಡುವೆಯೇ ಇಟ್ಟುಕೊಂಡು ಕ್ಯಾಮೆರಾವನ್ನು ಪಕ್ಕಕ್ಕೆ 10 ಸೆಂಟಿಮೀಟರ್, ಅಂದರೆ ಅರ್ಧ ಗೇಣು, ಸರಿಸಿದರೆ ಅದರ ಹಿಂದಿನ ನೋಟ ಒಂದು ಮೀಟರಿನಷ್ಟು ಬದಲಾಗುತ್ತದೆ. ಭೂದೃಶ್ಯ ತೆಗೆಯುವವರಿಗೆ ಈ ಭಾಗ್ಯವಿಲ್ಲ. ನನ್ನ ಮಿತ್ರ ಕಾಲುದಾರಿಯಲ್ಲಿ ನಿಂತು, ಹೂವನ್ನು ಮೇಲಿನಿಂದ ನೋಡಿದ್ದರಿಂದ ಮೋಡದ ಬೆಳಕು ಬಿದ್ದ ಎಲೆಗಳೇ ಹಿನ್ನೆಲೆಯಾಗಿದ್ದವು. ಮೊಣಕಾಲೂರಿ ಕೂತಿದ್ದರೆ ಪೊದೆಗಳ ಬುಡದ ನೆರಳೋ, ಮಳೆಯಲ್ಲಿ ನೆನೆದು ಕಪ್ಪಾಗಿರುವ ಬಸಾಲ್ಟ್ ಬಂಡೆಯೋ ಹಿಂದೆ ಬರುತ್ತಿತ್ತು. ಮುಂದಿನ ಭಾನುವಾರ, ಅರಳುವಿಕೆ ಇನ್ನೂ ಮುಗಿದಿರಲಿಲ್ಲ, ನಾವಿಬ್ಬರೂ ಅಲ್ಲಿಗೆ ಹೋಗಿ ಅದೇ ಲೆನ್ಸಿನಲ್ಲಿ, ಎಫ್/8ರಲ್ಲಿಯೇ, ಕೂತುಕೊಂಡು ತೆಗೆದೆವು. ಬಂಡೆಯ ಕಪ್ಪಿನ ಮೇಲೆ ಆ ನೇರಳೆ ಒಳಗಿನಿಂದಲೇ ಬೆಳಗಿದಂತೆ ಕಂಡಿತು.

ಹಿನ್ನೆಲೆಯನ್ನು ಮಬ್ಬುಗೊಳಿಸಿದರೆ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಮಬ್ಬು ಎಂದರೆ ಬಣ್ಣಗಳ ಸರಾಸರಿ. ಹಸಿರು, ಒಣ ಕಂದು, ಆಕಾಶದ ಬಿಳಿ ಚೂರುಗಳು ಬೆರೆತು ಬರುವ ಸರಾಸರಿ ಸಾಮಾನ್ಯವಾಗಿ ಕೆಸರಿನ ಬಣ್ಣವೇ. ಅದರ ಬದಲು ಒಂದೇ ಬಣ್ಣದ ತುಣುಕನ್ನು ಹಿಂದೆ ತರುವುದು ಮುಖ್ಯ, ಮತ್ತು ಇದಕ್ಕೆ ಉದ್ದದ ಮ್ಯಾಕ್ರೊ ಲೆನ್ಸ್ ಅನುಕೂಲ: ಹೂವಿನ ಗಾತ್ರ ಅಷ್ಟೇ ಇದ್ದರೂ 60 ಮಿಲಿಮೀಟರಿನ ಲೆನ್ಸಿಗಿಂತ 100 ಅಥವಾ 180 ಮಿಲಿಮೀಟರಿನದು ಹಿನ್ನೆಲೆಯ ಕಿರಿದಾದ ಭಾಗವನ್ನಷ್ಟೇ ಒಳಗೊಳ್ಳುತ್ತದೆ. ಲೆನ್ಸ್ ಕೊಳ್ಳುವವರು ನನ್ನನ್ನು ಕೇಳಿದಾಗ ನಾನು ಚೂಪಿನ ಲೆಕ್ಕಕ್ಕಿಂತ ಮೊದಲು ಈ ಕಾರಣವನ್ನೇ ಹೇಳುತ್ತೇನೆ.

ಹಸಿರು ಎಲೆಯ ಮೇಲಿನ ಹಸಿರು ಜೇಡ ಇದೇ ದೋಷದ ಕಠಿಣ ರೂಪ, ಅಲ್ಲಿ ವರ್ಣ, ಪ್ರಕಾಶ ಎರಡೂ ಸಮ. ಎಲೆಯ ಹಿಂದಿನಿಂದ ಬೆಳಕು ಬರುವಂತೆ ಆಚೆ ಬದಿಗೆ ಹೋದರೆ ಎಲೆ ಹಳದಿ ಹಸಿರಾಗಿ ಬೆಳಗುತ್ತದೆ, ಜೇಡದ ಮೈ ಅದರ ಮೇಲೆ ಗಾಢವಾಗುತ್ತದೆ. ಇನ್ನು ಮಳೆಗಾಲದ ಒದ್ದೆ ಎಲೆಗಳು ಬೂದಿಯಾಗಿ ಕಾಣುವುದಕ್ಕೆ ಕಾರಣ ಅವುಗಳ ಮೇಲೆ ಪ್ರತಿಫಲಿಸುವ ಆಕಾಶ. ಪೋಲರೈಸರ್ ಫಿಲ್ಟರನ್ನು ಕಣ್ಣಿಟ್ಟು ನೋಡುತ್ತಾ ತಿರುಗಿಸಿದರೆ ಒಂದು ಕೋನದಲ್ಲಿ ಆ ಪೊರೆ ಕಳಚಿ ಹಸಿರು ಹೊರಬರುತ್ತದೆ. ಅದಕ್ಕೆ ಒಂದೂವರೆಯಿಂದ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ) ಬೆಳಕನ್ನು ತೆರಬೇಕಾಗುತ್ತದೆ, ಆದ್ದರಿಂದ ಗಾಳಿ ಇರುವ ದಿನ ಲಾಭನಷ್ಟ ತೂಗಿ ನೋಡಬೇಕು.

ಪುಣೆಯ ಮಿತ್ರರಿಗೆ ಇದನ್ನು ಕಲಿಯಲು ಇನ್ನೂ ಒಳ್ಳೆಯ ಪಾಠಶಾಲೆಯಿದೆ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ, 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಅದೂ ಒಂದು, ನೇರಳೆಯ ಯುಟ್ರಿಕ್ಯುಲೇರಿಯಾ ಮತ್ತು ಹಳದಿಯ ಸ್ಮಿಥಿಯಾ ಒಟ್ಟೊಟ್ಟಿಗೆ ಅರಳುತ್ತವೆ, ಎರಡರಲ್ಲಿ ಯಾವುದನ್ನು ಮುಂದಿಟ್ಟರೂ ಇನ್ನೊಂದು ಹಿನ್ನೆಲೆಯಾಗುತ್ತದೆ. ಆದರೆ ಅಲ್ಲಿನ ಮಣ್ಣು ಜಂಬಿಟ್ಟಿಗೆಯ ಮೇಲಿನ ತೆಳು ಪದರ. ಕೋನಕ್ಕಾಗಿ ಮಲಗಿದ ಒಂದೊಂದು ಮೈಯೂ ನೂರಾರು ಗಿಡಗಳನ್ನು ನೆಲಸಮ ಮಾಡುತ್ತದೆ. ದಾರಿಯ ಅಂಚಿನಿಂದ ಸಿಗುವಷ್ಟಕ್ಕೇ ತೃಪ್ತರಾಗಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬೊರಿವಲಿಯ ಕಾಡಿನಲ್ಲೂ ಹಿನ್ನೆಲೆಗೆ ಬೇಕೆಂದು ಎಲೆ ಕೀಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸುತ್ತದೆ.

ಕೆಂಪು ಹೂವಿನ ದಳದಲ್ಲಿ ವಿವರವೇ ಇಲ್ಲದಿದ್ದರೆ

ಅಗ್ನಿಶಿಖೆಯ, ಮರಾಠಿಯವರ ಕಳಲಾವಿಯ, ಚಿತ್ರದಲ್ಲಿ ಕೆಂಪು ದಳ ಬಣ್ಣ ಬಳಿದ ಕಾಗದದಂತೆ ಚಪ್ಪಟೆಯಾಗುವುದನ್ನು ಹಲವರು ಲೆನ್ಸಿನ ದೋಷವೆಂದೇ ತಿಳಿಯುತ್ತಾರೆ. ಪ್ರಕಾಶದ ಹಿಸ್ಟೋಗ್ರಾಮಿನಲ್ಲಿ ಕೆಂಪಿನ ಪಾಲು ಕಡಿಮೆಯಿರುವುದರಿಂದ ಅದು ಎಲ್ಲವೂ ಸರಿ ಎಂದು ತೋರಿಸುತ್ತಿರುವಾಗಲೇ ಕೆಂಪು ಚಾನೆಲ್, ಅಂದರೆ ಕೆಂಪು ಬೆಳಕಿನ ದಾಖಲೆ, ತುಂಬಿ ಹರಿದಿರುತ್ತದೆ. ಕ್ಯಾಮೆರಾದಲ್ಲಿ ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ತೆರೆದು, ಕೆಂಪಿನ ಗುಡ್ಡ ಬಲಗೋಡೆಗೆ ಅಂಟಿಕೊಂಡಿದ್ದರೆ ಮುಕ್ಕಾಲಿನಿಂದ ಒಂದು ಸ್ಟಾಪಿನಷ್ಟು ಬೆಳಕನ್ನು ಇಳಿಸಬೇಕು. ರಾ ಕಡತ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಕಡತ) ತೆಗೆಯುವವರಿಗೂ ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಜೆಪೆಗ್ಗಿನದೇ ಆಗಿರುವುದರಿಂದ, ಬಣ್ಣ ಏರಿಸುವ ಪಿಕ್ಚರ್ ಪ್ರೊಫೈಲನ್ನು ಬಿಟ್ಟು ನ್ಯೂಟ್ರಲ್ ಇಟ್ಟರೆ ಅಳತೆ ನಂಬುವಂತಿರುತ್ತದೆ.

ಫ್ಲಾಶ್ ಹಾಕಿದಾಗ ಹಿನ್ನೆಲೆ ರಾತ್ರಿಯಂತೆ ಕಪ್ಪಾಗುವುದೂ ದೋಷವಲ್ಲ, ದೂರದ ಲೆಕ್ಕ. ಫ್ಲಾಶಿನಿಂದ ಹುಳು 15 ಸೆಂಟಿಮೀಟರಿನಲ್ಲಿ, ಎಲೆ 60 ಸೆಂಟಿಮೀಟರಿನಲ್ಲಿ ಇದ್ದರೆ ಎಲೆಗೆ ತಲುಪುವುದು ಹದಿನಾರರಲ್ಲಿ ಒಂದು ಪಾಲು ಬೆಳಕು. ಶಟರ್ ವೇಗವನ್ನು ಇಳಿಸಿ, ಐಎಸ್‌ಒ ಏರಿಸಿ ಸಹಜ ಬೆಳಕನ್ನು ಒಳಗೆ ಬಿಡಬೇಕು, ಇಲ್ಲವೇ ಹುಳುವಿನ ಹಿಂದೆ ಹತ್ತಿರದಲ್ಲೇ ಎಲೆ ಇರುವ ಕೋನವನ್ನು ಹುಡುಕಬೇಕು.

ಲೆನ್ಸೇ ಕೆಟ್ಟಿದೆ ಎನಿಸಿದರೆ

ಇಷ್ಟೆಲ್ಲ ಆದ ಮೇಲೂ ಚಿತ್ರದ ಒಂದು ಬದಿ ಮಾತ್ರ ಸದಾ ಮಂಕಾಗಿದ್ದರೆ ಅನುಮಾನಕ್ಕೆ ಆಧಾರವಿದೆ. ಗೋಡೆಗೆ ದಿನಪತ್ರಿಕೆಯ ತುಂಡೊಂದನ್ನು ಚಪ್ಪಟೆಯಾಗಿ ಅಂಟಿಸಿ, ಟ್ರೈಪಾಡ್ ಹಾಕಿ, ಎರಡು ಸೆಕೆಂಡಿನ ಟೈಮರಿನಲ್ಲಿ ತೆಗೆಯಬೇಕು. ಕ್ಯಾಮೆರಾ ಗೋಡೆಗೆ ನೇರವಾಗಿರುವುದು ಇಲ್ಲಿ ಅತ್ಯಗತ್ಯ: 1:1ರಲ್ಲಿ ಒಂದೇ ಒಂದು ಡಿಗ್ರಿ ಓರೆಯಾದರೂ ಚೌಕಟ್ಟಿನ 24 ಮಿಲಿಮೀಟರ್ ಅಗಲದಲ್ಲಿ 0.42 ಮಿಲಿಮೀಟರಿನ ವ್ಯತ್ಯಾಸವಾಗುತ್ತದೆ, ಎಫ್/2.8ರಲ್ಲಿ ಸ್ಪಷ್ಟತೆಯ ಆಳ ಇರುವುದೇ 0.22 ಮಿಲಿಮೀಟರ್. ಪತ್ರಿಕೆಯ ಮೇಲೆ ಚಪ್ಪಟೆ ಕನ್ನಡಿಯೊಂದನ್ನು ಒತ್ತಿ ಹಿಡಿದು, ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಡುಮಧ್ಯಕ್ಕೆ ಬರುವವರೆಗೆ ಕ್ಯಾಮೆರಾವನ್ನು ಹೊಂದಿಸಿದರೆ ನೇರವಾದಂತೆ. ಬಳಿಕ ಕನ್ನಡಿ ತೆಗೆದು ಎಫ್/2.8, 4, 5.6, 8, 11ರಲ್ಲಿ ಒಂದೊಂದು ಚಿತ್ರ ತೆಗೆದು, ಎಡ ಮತ್ತು ಬಲ ಅಂಚಿನ ಅಕ್ಷರಗಳನ್ನು ಹೋಲಿಸಬೇಕು. ಕ್ಯಾಮೆರಾವನ್ನು ತಲೆಕೆಳಗಾಗಿಸಿ, ಕನ್ನಡಿಯಿಂದ ಮತ್ತೆ ಹೊಂದಿಸಿ, ಇನ್ನೊಂದು ಸರಣಿಯನ್ನೂ ತೆಗೆಯಬೇಕು. ಮಂಕು ಪತ್ರಿಕೆಯ ಅದೇ ಬದಿಯಲ್ಲಿ ಉಳಿದರೆ ಹೊಂದಿಕೆ ತಪ್ಪಿದೆ. ಮಂಕು ಕ್ಯಾಮೆರಾದ ಜೊತೆ ತಿರುಗಿ ಪತ್ರಿಕೆಯ ಮತ್ತೊಂದು ಬದಿಗೆ ಹೋದರೆ ಗಾಜಿನ ಜೋಡಣೆಯೇ ಸರಿದಿದೆ. ಆಗ ಲೆನ್ಸನ್ನು ದುರಸ್ತಿಗೆ ಕೊಡುವಾಗ ಈ ಎರಡು ಸರಣಿಗಳನ್ನೂ ಪೆನ್‌ಡ್ರೈವಿನಲ್ಲಿ ಹಾಕಿ ಜೊತೆಗೆ ಕೊಟ್ಟು, ಕೆಲಸ ಮುಗಿದ ಮೇಲೆ ಅದೇ ಪತ್ರಿಕೆಯ ತುಂಡಿನ ಮೇಲೆ, ಅದೇ ಹೊಂದಿಕೆಯಲ್ಲಿ ಮತ್ತೊಮ್ಮೆ ತೆಗೆದು ಹೋಲಿಸಿಯೇ ಹಣ ಪಾವತಿಸಬೇಕು.